ಮಾರ್ಟಾ ವಾರ್ಗೊ ಹಾಕಿದ ಮೈನಸ್ ಎರಡು

ಟೊಲೀಡೊ ಊರಿನ ಈಸ್ಟ್ ಸೈಡಿನಲ್ಲಿ ಫುಟ್‌ಬಾಲಿನ ಬಗ್ಗೆ ಅಭಿಪ್ರಾಯವಿಲ್ಲದ ನರಪ್ರಾಣಿ ಇಲ್ಲ. ಚರ್ಚಿನ ಪಾದ್ರಿಗೂ ಒಂದಿದೆ, ಹಲ್ಲಿನ ಡಾಕ್ಟರಿಗೂ ಒಂದಿದೆ. ಹೆಣ ಹೂಳುವ ಜೋ ಅಂತೂ ಅಳುತ್ತ ಬಂದವರ ಕೈ ಹಿಡಿದುಕೊಂಡೇ ಭಾನುವಾರದ ಆಟದ ಮಾತು ಎತ್ತುತ್ತಾನೆ. ಇಂಥ ಬಾಯಿಬಡುಕರ ನಡುವೆ, ಆಟ ಮುಗಿದ ಮೇಲೂ ತುಟಿ ಪಿಟಕ್ಕೆನ್ನದೆ ಇರಬಲ್ಲ ಒಂದೇ ಜೀವವೆಂದರೆ ಮಾರ್ಟಾ ವಾರ್ಗೊ. ತಮಾಷೆಯೆಂದರೆ, ಇಡೀ ಬಡಾವಣೆಯಲ್ಲಿ ಆಟಗಾರರಿಗೆ ಅಂಕ ಹಾಕುವುದನ್ನೇ ಕೆಲಸ ಮಾಡಿಕೊಂಡವಳು ಆಕೆಯೊಬ್ಬಳೇ.

ನಮ್ಮ ಫುಟ್‌ಬಾಲ್ ಹೆಸರಿಗೆ ಮಾತ್ರ ಕಾಲಿನದು, ಆಟವೆಲ್ಲ ಕೈಯದು. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬರುತ್ತದೆ. ಎದುರಾಳಿಗಳು ಮೈಮೇಲೆ ಬಂದು ಬೀಳುವುದರೊಳಗೆ, ಓಡುತ್ತಿರುವ ತನ್ನವರಲ್ಲಿ ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಗೆದ್ದರೆ ಅವನ ಹೆಸರಿನ ಅಂಗಿ ತೊಟ್ಟು ಊರು ಕುಣಿಯುತ್ತದೆ, ಸೋತರೆ ಅದೇ ಅಂಗಿಯಲ್ಲಿ ಕಾರು ಒರೆಸುತ್ತದೆ. ಅವನು ಚೆನ್ನಾಗಿ ಆಡಿದನೋ ಇಲ್ಲವೋ ಎಂಬುದನ್ನು ಸ್ಕೋರು ನೋಡಿ ಹೇಳಬಾರದು ಎನ್ನುವವರ ಕಂಪನಿಯೊಂದಿದೆ. ಎಲ್ಲ ತಂಡಗಳ ಆಟದ ಫಿಲ್ಮ್ ತರಿಸಿ, ಒಂದೊಂದು ಎಸೆತಕ್ಕೂ ಒಂದೊಂದು ಓಟಕ್ಕೂ ಅಂಕ ಹಾಕಿಸಿ, ಮಂಗಳವಾರ ಪ್ರಕಟಿಸುತ್ತದೆ. ಮಾಡಬೇಕಾದ್ದನ್ನು ಮಾಡಿದರೆ ಸೊನ್ನೆ. ಅದಕ್ಕಿಂತ ಮಿಗಿಲಾದರೆ ಪ್ಲಸ್, ಕಡಿಮೆಯಾದರೆ ಮೈನಸ್. ಎರಡು ಕಡೆಯೂ ಅರ್ಧರ್ಧವಾಗಿ ಏರಿ ಎರಡೇ ಕೊನೆ. ಇಬ್ಬರು ಬೇರೆಬೇರೆ ಊರಲ್ಲಿ ಕೂತು ಅಂಕ ಹಾಕುತ್ತಾರೆ. ಅವರಿಬ್ಬರದು ತಾಳೆಯಾಗದಿದ್ದರೆ ಮೂರನೆಯವರು ತೀರ್ಪು ಕೊಡಬೇಕು. ಆ ಮೂರನೆಯವಳು ನಮ್ಮ ಮಾರ್ಟಾ, ಅಡುಗೆಮನೆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು.

ಈ ಕಣ್ಣು ಆಕೆಗೆ ಎಲ್ಲಿಂದ ಬಂತು ಎಂದು ಕೇಳಿದರೆ ಹಳಬರು ಆಕೆಯ ಅಪ್ಪನ ಹೆಸರು ಹೇಳುತ್ತಾರೆ. ಆತ ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ಒಳಗಿನ ಗುಳ್ಳೆ ಹುಡುಕುತ್ತಿದ್ದವನು. ನನ್ನನ್ನು ಕೇಳಿದರೆ ಕಣ್ಣು ಬಂದದ್ದು ಮದುವೆಯಿಂದ. ಗಂಡ ಗಸ್ ವಾರ್ಗೊ ಇಲ್ಲಿನ ಹೈಸ್ಕೂಲು ತಂಡದ ಕೋಚ್ ಆಗಿದ್ದವನು, ಅರ್ಧ ಬಡಾವಣೆಯ ಗಂಡಸರು ಅವನಿಂದ ಬೈಸಿಕೊಂಡೇ ಬೆಳೆದವರು. ಶುಕ್ರವಾರ ಸಂಜೆಯ ಆಟದ ಫಿಲ್ಮ್ ಸುರುಳಿಗಳು ಮನೆಗೆ ಬಂದರೆ ಅವನ್ನು ಕತ್ತರಿಸಿ, ಅಂಟಿಸಿ, ಯಾವ ಹುಡುಗ ಎಲ್ಲಿ ಎಡವಿದ ಎಂದು ತೆಗೆದಿಡುತ್ತಿದ್ದವಳು ಮಾರ್ಟಾ. ಒಂದು ಕಡೆ ಒಲೆಯ ಮೇಲೆ ಕೋಳಿಯ ಪಾಪ್ರಿಕಾಶ್ ಕುದಿಯುತ್ತಿತ್ತು, ಇನ್ನೊಂದು ಕಡೆ ಗೋಡೆಯ ಮೇಲೆ ಹುಡುಗರು ಓಡುತ್ತಿದ್ದರು. ಗಸ್ ಕಿರುಚಿದರೆ ಹುಡುಗರಿಗೆ ಭಯವಾಗುತ್ತಿರಲಿಲ್ಲ, ಅದು ಅಭ್ಯಾಸವಾಗಿತ್ತು. ಮಾರ್ಟಾ ಮೆಲ್ಲಗೆ “ಇನ್ನೊಂದ್ಸಲ ನೋಡೋಣ” ಎಂದು ಫಿಲ್ಮ್ ಹಿಂದಕ್ಕೆ ಸುತ್ತಿದರೆ ಬೆವರುತ್ತಿದ್ದರು.

ಈ ಕೆಲಸಕ್ಕೆ ಆಕೆ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದಳು. ನೋಡುವಾಗ ಸದ್ದು ಇರಕೂಡದು. ಅಂಕ ಕಳಿಸುವ ತನಕ ಮನೆಯಲ್ಲಿ ರೇಡಿಯೋ ಇಲ್ಲ, ಪೇಪರಿಲ್ಲ, ಆಟಗಾರರ ಸಂದರ್ಶನವಂತೂ ಇಲ್ಲವೇ ಇಲ್ಲ. ಸೀಟಿ ಊದಿದ ಮೇಲೆ ಆದದ್ದು ಲೆಕ್ಕಕ್ಕಿಲ್ಲ, ಯಾಕೆಂದರೆ ಆಮೇಲೆ ಎಲ್ಲರೂ ನಾಟಕ ಆಡುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಗೊತ್ತಿಲ್ಲದಿದ್ದರೆ ಸೊನ್ನೆ. ಕೋಚ್ ಆ ಹೊತ್ತಿಗೆ ಯಾರಿಗೆ ಎತ್ತ ಓಡಲು ಹೇಳಿದ್ದನೋ ಹೊರಗಿನವರಿಗೆ ತಿಳಿಯುವುದಿಲ್ಲ. ತಿಳಿಯದಿದ್ದಾಗ ತಪ್ಪನ್ನು ಒಬ್ಬನ ತಲೆಗೆ ಕಟ್ಟುವುದು ಪಾಪ ಎಂದು ಆಕೆ ನಂಬಿದ್ದಳು, ಹೊಸದಾಗಿ ಕಂಪನಿಗೆ ಸೇರಿದವರಿಗೂ ಅದನ್ನೇ ಹೇಳಿಕೊಡುತ್ತಿದ್ದಳು.

ಗಸ್‌ಗೆ ಇದೆಲ್ಲ ಜೈಲುವಾಸ. ನಿವೃತ್ತನಾದ ಮೇಲೆ ಅವನಿಗಿದ್ದ ಏಕೈಕ ಸುಖವೆಂದರೆ ಊರಿನ ರೇಡಿಯೋದವರ ಫೋನ್ ಕಾರ್ಯಕ್ರಮಕ್ಕೆ ಕರೆ ಮಾಡಿ “ನಾನು ಈಸ್ಟ್ ಸೈಡಿನ ಗಸ್” ಎಂದು ಶುರುಮಾಡಿ, ಪೈಲಟ್ಸ್ ತಂಡದವರನ್ನು ಒಬ್ಬೊಬ್ಬರನ್ನಾಗಿ ಝಾಡಿಸುವುದು. ಪೈಲಟ್ಸ್ ನಮ್ಮೂರಿನ ತಂಡ. ನಮ್ಮೂರಿನವರನ್ನು ಇಷ್ಟು ವರ್ಷ ಅಳಿಸಿದಷ್ಟು ಇನ್ನಾರೂ ಅಳಿಸಿಲ್ಲ. ಮಾರ್ಟಾ ಅವನನ್ನೂ ಅವನ ರೇಡಿಯೋವನ್ನೂ ಒಟ್ಟಿಗೆ ಗ್ಯಾರೇಜಿಗೆ ಸಾಗಹಾಕಿದ್ದಳು. ಚಳಿಯಾದರೆ ಕೋಟು ಹಾಕಿಕೋ ಎಂದಿದ್ದಳು.

ಆ ವರ್ಷ ಪೈಲಟ್ಸ್‌ಗೆ ಹೊಸ ಕ್ವಾರ್ಟರ್‌ಬ್ಯಾಕ್ ಬಂದ. ವೇಡ್ ಹಾಲ್ವರ್ಸನ್ ಎಂದು ಹೆಸರು, ನಾರ್ತ್ ಡಕೋಟಾದ ಕಡೆಯವನು, ಕಾಲೇಜು ಬಿಟ್ಟು ನೇರ ಇಲ್ಲಿಗೆ. ಹೆಲ್ಮೆಟ್ ತೆಗೆದರೆ ಕಿವಿಗಳು ಕೆಂಪಗೆ ಹೊರಗೆ ನಿಂತಿರುತ್ತಿದ್ದವು. ಮೊದಲ ಆಟದಲ್ಲೇ ಕೊನೆಗಳಿಗೆಯಲ್ಲಿ ಉದ್ದಕ್ಕೆ ಎಸೆದು ಗೆಲುವಿನ ಟಚ್‌ಡೌನ್ ತಂದ. ಊರಿಗೆ ಊರೇ ಬೀದಿಗೆ ಬಂತು. ಮಾರ್ಟಾ ಆ ಎಸೆತಕ್ಕೆ ಮೈನಸ್ ಒಂದು ಹಾಕಿದಳು. ಇಬ್ಬರು ಎದುರಾಳಿಗಳ ನಡುವೆ ಕಣ್ಣುಮುಚ್ಚಿ ಎಸೆದಿದ್ದಾನೆ, ಒಬ್ಬನ ಕೈಗೆ ಬಡಿದು ಇವನ ಕಡೆಯವನ ಎದೆಗೆ ಬಿದ್ದಿದೆ, ಇದು ಅದೃಷ್ಟ, ಆಟವಲ್ಲ. ಆ ವಾರ ಆಕೆಗೆ ಯಾರೂ ಸರಿಯಾಗಿ ನಮಸ್ಕಾರ ಹೇಳಲಿಲ್ಲ. ಮುಂದೆ ಒಂದು ಆಟ ಹೀನಾಯವಾಗಿ ಸೋತರು, ಎಸೆದ ಚೆಂಡುಗಳೆಲ್ಲ ನಮ್ಮವರ ಕೈಯಿಂದ ಜಾರಿ ಬಿದ್ದವು, ಊರು ಹುಡುಗನನ್ನು ಶಪಿಸಿತು. ಮಾರ್ಟಾ ಪ್ಲಸ್ ಮೇಲೆ ಪ್ಲಸ್ ಹಾಕಿದಳು. ಎಸೆದದ್ದಕ್ಕೆ ನನ್ನ ಅಂಕ, ಸಿಕ್ಕಿದ್ದಕ್ಕಲ್ಲ ಎಂದಳು. ಇಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಆಕೆಗೆ ಆ ಹುಡುಗ ಇಷ್ಟವಾಗಿದ್ದ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಆದರೆ ಆ ತಂಡದಲ್ಲಿ ಆಕೆಗೆ ಇನ್ನೂ ಹತ್ತಿರದವನೊಬ್ಬನಿದ್ದ. ಕ್ಲೀವನ್ ಟಿಬ್ಸ್, ಓಡಿ ಚೆಂಡು ಹಿಡಿಯುವ ರಿಸೀವರ್, ನಮ್ಮ ಬೀದಿಯಲ್ಲೇ ಬೆಳೆದವನು. ಗಸ್‌ನ ತಂಡದಲ್ಲಿ ಆಡಿ, ಮಾರ್ಟಾಳ ಮೇಜಿನಲ್ಲಿ ಉಂಡು ದೊಡ್ಡವನಾದವನು. ದೇಶವೆಲ್ಲ ಸುತ್ತಿ ಕೊನೆಗೆ ತನ್ನೂರಿನ ತಂಡಕ್ಕೇ ಬಂದಿದ್ದ. ಮೂವತ್ತು ದಾಟಿತ್ತು, ಮೊಣಕಾಲು ಹೇಳಿದಂತೆ ಕೇಳುತ್ತಿರಲಿಲ್ಲ, ಮುಂದಿನ ವರ್ಷ ಇಟ್ಟುಕೊಳ್ಳುವುದಿಲ್ಲ ಎಂಬ ಗುಸುಗುಸು ಇತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದೇ ಫೋಟೋ ಅವನದು.

ನವೆಂಬರಿನಲ್ಲಿ ಮಿಲ್ವಾಕಿ ತಂಡದ ಮೇಲಿನ ಆಟ. ಕೊನೆಯ ಗಳಿಗೆ, ಒಂದು ಎಸೆತ ಹಿಡಿದರೆ ಗೆಲುವು ನಮ್ಮದು. ಹುಡುಗ ಚೆಂಡು ಹಿಡಿದು ಹಿಂದಕ್ಕೆ ಸರಿದ, ಎಸೆದ. ಚೆಂಡು ಹೋದದ್ದು ನಮ್ಮವರು ಯಾರೂ ಇಲ್ಲದ ಖಾಲಿ ಜಾಗಕ್ಕೆ. ಕ್ಲೀವನ್ ಅಲ್ಲಿಂದ ಆಗಲೇ ಮುಂದೆ ಓಡಿಹೋಗಿದ್ದ. ಮಿಲ್ವಾಕಿಯವನು ಬಿಟ್ಟಿ ಸಿಕ್ಕಿದ ಬ್ರೆಡ್ಡಿನಂತೆ ಅದನ್ನು ಗಾಳಿಯಲ್ಲೇ ಹಿಡಿದುಕೊಂಡ. ಆಟ ಮುಗಿಯಿತು, ನಮ್ಮ ಋತುವಿನ ಆಸೆಯೂ ಮುಗಿಯಿತು.

ಆ ಸಂಜೆ ಊಟಕ್ಕೆ ಕರೆಯಲು ಮಾರ್ಟಾ ಗ್ಯಾರೇಜಿನ ಬಾಗಿಲಿಗೆ ಹೋದಳು. ಗಸ್ ಮಂಕಾಗಿ ಕೂತಿದ್ದ, ರೇಡಿಯೋದಲ್ಲಿ ಹುಡುಗನ ದನಿ ಬರುತ್ತಿತ್ತು. ತಿರುಗಿ ಬರಬೇಕಿತ್ತು ಆಕೆ. ಇಷ್ಟು ವರ್ಷ ಹಾಗೆಯೇ ತಿರುಗಿ ಬಂದಿದ್ದಳು. ಆದರೆ ಹುಡುಗ ಮಾತು ಮಾತಿಗೂ ತಡವರಿಸುತ್ತಿದ್ದ, ಆಕೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಹುಡುಗ ಹೇಳುತ್ತಿದ್ದ, ಕ್ಲೀವನ್ ಹೇಳಿದ ಕಡೆಗೇ ಓಡಿದರು, ನಾನು ಅವಸರಪಟ್ಟು ಎಲ್ಲಿಗೋ ಎಸೆದೆ, ತಪ್ಪು ಪೂರ್ತಿ ನನ್ನದು.

ಮರುದಿನ ಆ ಎಸೆತ ಮಾರ್ಟಾಳ ಮುಂದೆ ಬಂತು. ಒಬ್ಬರು ಸೊನ್ನೆ ಹಾಕಿದ್ದರು, ಯಾರಿಗೆ ಏನು ಹೇಳಿದ್ದರೋ ತಿಳಿಯದು ಎಂದು ಪಕ್ಕದಲ್ಲಿ ಬರೆದಿದ್ದರು. ಇನ್ನೊಬ್ಬರು ಹುಡುಗನಿಗೆ ಮೈನಸ್ ಎರಡು. ಮಾರ್ಟಾ ಫಿಲ್ಮ್ ಓಡಿಸಿದಳು. ಹುಡುಗನ ಕೆಂಪು ಕಿವಿ ನೆನಪಾಯಿತು, ಆ ತಡವರಿಕೆಯೂ. ಇಷ್ಟದವನೆಂದು ಬಿಟ್ಟುಕೊಡಬಾರದೆಂದು ಮನಸ್ಸು ಇನ್ನಷ್ಟು ಬಿಗಿಮಾಡಿಕೊಂಡು, ಮೈನಸ್ ಎರಡಕ್ಕೆ ಒತ್ತಿದಳು. ಆ ವಾರ ಇಡೀ ದೇಶದಲ್ಲಿ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಅದಕ್ಕಿಂತ ಕೆಟ್ಟ ಅಂಕ ಬರಲಿಲ್ಲ.

ಮಂಗಳವಾರ ಅದು ಹೊರಗೆ ಬಿದ್ದದ್ದೇ ತಡ, ಊರಿನ ಪಿತ್ತ ನೆತ್ತಿಗೇರಿತು. ಹಾಟ್‌ಡಾಗ್ ಅಂಗಡಿಯವನು ಹೊರಗೆ ಬೋರ್ಡು ಹಾಕಿದ: ಹಾಲ್ವರ್ಸನ್ ಸ್ಪೆಷಲ್, ಬನ್ನು ನಿಮಗೆ, ಸಾಸೇಜು ಪಕ್ಕದ ಟೇಬಲ್ಲಿಗೆ. ಕ್ರೀಡಾಂಗಣದ ಗೋಡೆಗೆ ಅವನ ಊರಿಗೆ ಹೋಗುವ ಬಸ್ಸಿನ ವೇಳಾಪಟ್ಟಿಯನ್ನು ಯಾರೋ ಅಂಟಿಸಿದರು. ಈಸ್ಟ್ ಸೈಡಿನ ಗಸ್ ರೇಡಿಯೋಗೆ ಕರೆ ಮಾಡಿ, ಈ ಹುಡುಗನಿಗೆ ಫುಟ್‌ಬಾಲ್ ಹಾಗಿರಲಿ, ಕಾಗದದ ಚೆಂಡನ್ನು ಕಸದ ಬುಟ್ಟಿಗೆ ಎಸೆಯಲೂ ಬರುವುದಿಲ್ಲ ಎಂದ. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು, ಸುಳ್ಳೇಕೆ ಹೇಳಲಿ.

ಗುರುವಾರ ಮಾರ್ಟಾ ಆಂಡಿ ಟಾಕಾಚ್‌ನ ಮಾಂಸದಂಗಡಿಗೆ ಹೋದಳು. ಮೊದಲ ಆಟದ ಮೈನಸ್ ಒಂದರ ಸಿಟ್ಟನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ ಆಂಡಿ ಅಂದು ಹಲ್ಲು ಕಿರಿದು ಸ್ವಾಗತಿಸಿದ.

“ಈ ಸಲ ಸರಿಯಾಗೇ ಹಾಕಿದ್ರಿ ಬಿಡಿ ಮಿಸೆಸ್ ವಾರ್ಗೊ. ಪಾಪ, ಅವನೇ ಬಾಯ್ಬಿಟ್ಟು ಒಪ್ಕೊಂಡ್ನಲ್ಲ.”

ಮಾರ್ಟಾ ಹೌದೆಂದು ತಲೆಯಾಡಿಸಿ ಬಾಗಿಲ ತನಕ ಬಂದಳು. ಅಲ್ಲಿಗೆ ಬರುವ ಹೊತ್ತಿಗೆ ಮುಖದ ಬಣ್ಣ ಹೋಗಿತ್ತು. ಕಟ್ಟಿಸಿದ ಸಾಸೇಜು ಅಂಗಡಿಯಲ್ಲೇ ಉಳಿಯಿತು, ಆಂಡಿ ಕೂಗಿದರೂ ತಿರುಗಿ ನೋಡಲಿಲ್ಲ.

ಬಾಯ್ಬಿಟ್ಟು ಒಪ್ಪಿಕೊಂಡ! ಅದು ಆಕೆಗೆ ಗೊತ್ತಿರಲೇಬಾರದಿತ್ತು. ಗೊತ್ತಾದ ಮೇಲೆ ನಂಬಬಾರದಿತ್ತು. ಕ್ವಾರ್ಟರ್‌ಬ್ಯಾಕ್ ಎಂದ ಮೇಲೆ ಮೈಕಿನ ಮುಂದೆ ನಿಂತು ತಪ್ಪು ನನ್ನದು ಎನ್ನುವುದು ಅವನ ಸಂಸ್ಕಾರ, ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ. ಹಿಡಿಯುವವನು ನಿದ್ದೆ ಮಾಡಿದ್ದರೂ, ಕೋಚ್‌ಗೆ ಬುದ್ಧಿ ಕೆಟ್ಟಿದ್ದರೂ, ತಪ್ಪು ನನ್ನದು. ಗಸ್ ತನ್ನ ಎಷ್ಟು ಹುಡುಗರಿಗೆ ಈ ಪಾಠ ಬಾಯಿಪಾಠ ಮಾಡಿಸಿಲ್ಲ, ಅದೇ ಅಡುಗೆಮನೆಯಲ್ಲಿ, ಆಕೆಯ ಎದುರಿಗೇ! ಅಂಥವಳು ಒಬ್ಬ ಹುಡುಗನ ಮರ್ಯಾದೆಯ ಮಾತನ್ನು ಸಾಕ್ಷಿಯೆಂದು ಹಿಡಿದು ಅವನಿಗೇ ಶಿಕ್ಷೆ ಬರೆದಿದ್ದಳು. ಕಣ್ಣಿಂದ ಮಾಡುವ ಕೆಲಸವನ್ನು ಕಿವಿಯಿಂದ ಮಾಡಿದ್ದಳು.

ಕೋಟನ್ನೂ ತೆಗೆಯದೆ ಮೇಜಿನ ಮುಂದೆ ಕೂತಳು. ಮೇಲಿನಿಂದ ತೆಗೆದ ಫಿಲ್ಮ್ ಅದು, ಎರಡೂ ಕಡೆಯ ಆಟಗಾರರೆಲ್ಲ ಅದರಲ್ಲಿ ಕಾಣುತ್ತಾರೆ. ಕ್ಲೀವನ್ ಓಡುತ್ತಾನೆ. ಅವನನ್ನು ಕಾಯುತ್ತಿರುವ ಮಿಲ್ವಾಕಿಯವನು ಹಿಂದೆ ಹಿಂದೆ ಸರಿಯುತ್ತಾನೆ. ಕ್ಲೀವನ್ ನಿಲ್ಲುವುದಿಲ್ಲ, ಓಡುತ್ತಲೇ ಹೋಗುತ್ತಾನೆ. ಚೆಂಡು ಅವನ ಬೆನ್ನ ಹಿಂದೆ, ಇನ್ನೊಬ್ಬ ಮಿಲ್ವಾಕಿಯವನ ಕೈಗೆ ಬೀಳುತ್ತದೆ. ಸೀಟಿ. ಇಲ್ಲಿಗೆ ನಿಲ್ಲಿಸುವುದು ಆಕೆಯ ಪದ್ಧತಿ, ಸೋಮವಾರವೂ ಅಲ್ಲಿಗೇ ನಿಲ್ಲಿಸಿದ್ದಳು. ಈ ಸಲ ಬೆರಳು ಒತ್ತಲಿಲ್ಲ.

ಎಲ್ಲರೂ ಚೆಂಡು ಸಿಕ್ಕಿದವನ ಸುತ್ತ ಕುಣಿಯುತ್ತಿದ್ದರು. ದೂರದಲ್ಲಿ, ಚೌಕಟ್ಟಿನ ಮೂಲೆಯಲ್ಲಿ, ಕ್ಲೀವನ್ ಒಬ್ಬನೇ ನಿಂತು ಎಡಗೈಯನ್ನು ಬಾಯಿಯ ಹತ್ತಿರ ತಂದ. ಕೈಗವಸಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದ, ಬಿಟ್ಟ, ಮತ್ತೆ ಎಳೆದ. ಬೇರೆ ಯಾರಿಗಾದರೂ ಅದು ಕೈಗವಸು ಬಿಚ್ಚುವುದು ಅಷ್ಟೆ. ಮಾರ್ಟಾ ಮಾತ್ರ ಅವನ ಹೈಸ್ಕೂಲಿನ ಫಿಲ್ಮೆಲ್ಲ ಕತ್ತರಿಸಿದವಳು. ತಾನು ತಪ್ಪು ಮಾಡಿದೆನೆಂದು ಗೊತ್ತಾದ ಕ್ಷಣ ಕ್ಲೀವನ್ ಪಟ್ಟಿ ಕಚ್ಚುತ್ತಿದ್ದ. ಬೇರೆಯವರ ತಪ್ಪಿಗೆ ಒಂದು ಸಲವೂ ಕಚ್ಚಿದ್ದಿಲ್ಲ.

ಬೆನ್ನ ಹಿಂದೆ ಗಸ್ ಬಂದು ನಿಂತಿದ್ದ. ಪರದೆ ನೋಡಿದ, ನೆಲ ನೋಡಿದ, ಗ್ಯಾರೇಜಿನ ಕಡೆ ಹೊರಟ. ಅಷ್ಟು ಸಾಕಾಯಿತು ಮಾರ್ಟಾಳಿಗೆ.

“ನಿಂಗೆ ಗೊತ್ತಿತ್ತು,” ಎಂದಳು.

“ಏನ್ ಗೊತ್ತಿತ್ತು?”

“ಅವನು ನಿಲ್ಬೇಕಾಗಿತ್ತು ಅಂತ. ಎದುರಿನವನು ಹಿಂದೆ ಸರಿದ್ರೆ ನಿಲ್ಲು, ಮೈಗಂಟಿದ್ರೆ ಓಡು. ನೀನೇ ಹೇಳ್ಕೊಟ್ಟಿದ್ದು. ಈ ಮನೇಲೇ.”

ಗಸ್ ಕುರ್ಚಿ ಎಳೆದು ಕೂತ. ಭಾನುವಾರ ಟಿವಿಯಲ್ಲಿ ನೋಡಿದಾಗಲೇ ತಿಳಿದಿತ್ತು ಎಂದು ಒಪ್ಪಿಕೊಂಡ. ಗೊತ್ತಿದ್ದೂ ರೇಡಿಯೋದಲ್ಲಿ ಆ ಹುಡುಗನನ್ನು ಹರಿದು ತಿಂದೆಯಲ್ಲ ಎಂದು ಮಾರ್ಟಾ ಕೇಳಿದ್ದಕ್ಕೆ, ಅವನ ಬಳಿ ಉತ್ತರ ತಯಾರಾಗಿತ್ತು. ಹುಡುಗ ಹೊಸಬ, ಇನ್ನೂ ಹತ್ತು ವರ್ಷ ಆಡುತ್ತಾನೆ, ಊರು ಮರೆಯುತ್ತದೆ. ಕ್ಲೀವನ್‌ಗೆ ಉಳಿದಿರುವುದು ಇದೊಂದೇ ಚಳಿಗಾಲ. ಜನ ಬೈಯಲೇಬೇಕಾದರೆ ಯಾರನ್ನು ಬೈಯಬೇಕು, ನೀನೇ ಹೇಳು ಎಂದ.

“ಅವನು ನಮ್ಮ ಮಗ ಇದ್ದ ಹಾಗೆ ಕಣೇ,” ಎಂದ ಕೊನೆಗೆ.

“ಅದಕ್ಕೇ ಅಲ್ವಾ ನಾನೂ ಪದ್ಧತಿ ಅಂತ ನೆಪ ಹೇಳ್ಕೊಂಡು ಸೀಟಿ ಆದ್ಮೇಲೆ ನೋಡ್ದೇ ಇದ್ದಿದ್ದು,” ಎಂದಳು ಮಾರ್ಟಾ. ತನಗೇ ತಿಳಿಯದೆ ಬಾಯಿಂದ ಬಂದ ಮಾತು ಅದು. ಹೇಳಿಯಾದ ಮೇಲೆ ಆಕೆಯೇ ಬೆಚ್ಚಿದಳು.

ಮುಂದಿನ ಆಟ ಶುರುವಾಗುವ ತನಕ ಮೂರನೆಯವರು ತಮ್ಮ ತೀರ್ಪು ತಿದ್ದಬಹುದು, ಆಮೇಲೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ತಿದ್ದಿದರೆ ಮೈನಸ್ ಹುಡುಗನ ತಲೆಯಿಂದ ಇಳಿದು ಹೋಗಿ ಕೂರುವುದು ಕ್ಲೀವನ್ ತಲೆಯ ಮೇಲೆಯೇ, ಬೇರೆಲ್ಲೂ ಅಲ್ಲ. ತಂಡದ ಒಳಗಿನವರಿಗೆ ಸತ್ಯ ಮೊದಲೇ ಗೊತ್ತಿರುತ್ತದೆ, ಅವರ ಆಟ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಊರಿಗೆ. ಕ್ಲೀವನ್ ಹುಟ್ಟಿ ಬೆಳೆದ ಊರೇ, ಇಷ್ಟು ದಿನ ಹೆಗಲ ಮೇಲೆ ಹೊತ್ತವನನ್ನು ಈಗ ಹೋಗುವ ಹೊತ್ತಿನಲ್ಲಿ ಛೀ ಥೂ ಎನ್ನುವುದು, ಅದೂ ಆಕೆಯ ಕೈಯಿಂದ. ಆ ರಾತ್ರಿ ಗಂಡಹೆಂಡಿರು ಊಟಕ್ಕೆ ಕೂತರು. ಗಸ್ ಉಪ್ಪು ಕೇಳಲಿಲ್ಲ, ಎದ್ದು ತಾನೇ ತಂದುಕೊಂಡ.

ಶುಕ್ರವಾರ ಮಾರ್ಟಾ ಕ್ಲೀವನ್‌ಗೆ ಫೋನ್ ಮಾಡಿ, ಅಭ್ಯಾಸ ಮುಗಿಸಿ ಮನೆಗೆ ಬಾ ಎಂದಳು. ಅವನು ಯಾವತ್ತಿನಂತೆ ಹಿಂಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ಬಂದ, ಪಾತ್ರೆಯ ಮುಚ್ಚಳ ಎತ್ತಿ ಮೂಸಿ ನೋಡಿದ, ಮಿಸೆಸ್ ವಿ ಎಂದು ಆಕೆಯ ನೆತ್ತಿಗೆ ಮುತ್ತು ಕೊಟ್ಟ. ಮಾರ್ಟಾ ಕೂರು ಎಂದಳು. ಊಟಕ್ಕೆ ಮುಂಚೆ ಫಿಲ್ಮ್ ಹಾಕಿದಳು. ಮನೆಯಲ್ಲಿ ಬೆಳೆದವನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ತನ್ನನ್ನು ತಾನು ಪರದೆಯ ಮೇಲೆ ನೋಡುತ್ತಿದ್ದ ಕ್ಲೀವನ್‌ನ ಎಡಗೈ ತಾನಾಗಿ ಬಾಯಿಗೆ ಹೋಯಿತು, ಅಲ್ಲಿ ಕಚ್ಚಲು ಪಟ್ಟಿ ಇರಲಿಲ್ಲ.

“ನಿನ್ನ ಕೇಳೋದಕ್ಕೆ ಕರ್ದಿಲ್ಲ ಮಗು,” ಎಂದಳು. “ನಾಳೆ ಬೆಳಿಗ್ಗೆ ತಿದ್ದಿ ಕಳಿಸ್ತೀನಿ. ಬೇರೆಯವರಿಂದ ನಿಂಗೆ ಗೊತ್ತಾಗ್ಬಾರ್ದು, ಅದಕ್ಕೆ ಕರ್ದೆ.”

ಕ್ಲೀವನ್ ಕೈ ಇಳಿಸಿ ಮೇಜಿನ ಮೇಲಿಟ್ಟ. ಆಮೇಲೆ ಆ ದಿನ ಡ್ರೆಸಿಂಗ್ ರೂಮಿನಲ್ಲಿ ನಡೆದದ್ದು ಹೇಳಿದ. ತಾನೇ ಹೋಗಿ ಹೇಳುತ್ತೇನೆಂದು ಅವನು ಎದ್ದಿದ್ದನಂತೆ. ಹುಡುಗ ಅಡ್ಡ ಬಂದು, ನನ್ನನ್ನು ಹೇಗೂ ಬೈಯುತ್ತಾರೆ, ನಾನು ಹೊಸಬ, ಬೈಗುಳ ತಿನ್ನಲು ಇಬ್ಬರು ಯಾಕೆ ಬೇಕು ಎಂದನಂತೆ. ತಾನು ಸುಮ್ಮನೆ ಕೂತೆ ಎಂದ ಕ್ಲೀವನ್.

“ನೀವು ಬರೀದಿದ್ರೆ ನಾನೇ ಹೇಳ್ತಿದ್ದೆ ಅನ್ಬೇಕು ಅನ್ಸುತ್ತೆ ಮಿಸೆಸ್ ವಿ. ಆದ್ರೆ ಹೇಳ್ತಿರ್ಲಿಲ್ಲ. ಈ ಊರಲ್ಲಿ ನಂಗೆ ಒಂದ್ಸಲಾನೂ ಯಾರೂ ಬೂ ಅಂತ ಕೂಗಿ ಹೀಯಾಳ್ಸಿಲ್ಲ. ಹೆದರಿಕೆ ಆಯ್ತು.”

ಗಸ್ ಕಿಟಕಿಯ ಕಡೆ ತಿರುಗಿಕೊಂಡಿದ್ದ. ಮಾರ್ಟಾ ಎದ್ದು ತಟ್ಟೆಗೆ ಬಡಿಸಿದಳು, ಒಂದಕ್ಕೆ ಎರಡು ಪಾಲು. ಕ್ಲೀವನ್ ತಿನ್ನುತ್ತ ತಿನ್ನುತ್ತ, ಹುಡುಗನ ಎಸೆತಕ್ಕೆ ಈಗ ಎಷ್ಟು ಕೊಡುತ್ತೀರಿ ಎಂದು ಕೇಳಿದ. ನೀನು ತಿರುಗುವುದಕ್ಕೆ ಮುಂಚೆಯೇ, ನೀನು ಅಲ್ಲಿರುತ್ತೀಯ ಎಂದು ನಂಬಿ ಎಸೆದಿದ್ದಾನೆ, ಪಕ್ಕದಲ್ಲಿ ಒಬ್ಬ ಬಂದು ಅಪ್ಪಳಿಸುತ್ತಿದ್ದರೂ ಕಾಲು ಕದಲಿಸಿಲ್ಲ, ಪ್ಲಸ್ ಒಂದೂವರೆ ಎಂದಳು. ಈ ವರ್ಷ ಅವನಿಗೆ ಬಂದ ಅಂಕಗಳಲ್ಲೆಲ್ಲ ಅದೇ ದೊಡ್ಡದು.

“ನಾನಾಗಿದ್ರೆ ಎರಡು ಕೊಡ್ತಿದ್ದೆ,” ಎಂದ ಕ್ಲೀವನ್.

“ಪ್ಲಸ್ ಎರಡು ನಾನು ಯಾರಿಗೂ ಕೊಟ್ಟಿಲ್ಲ. ಊಟ ಮಾಡು.”

ಶನಿವಾರ ಬೆಳಿಗ್ಗೆ ಅಂಕ ತಿದ್ದಿ ಕಳಿಸಿದಳು. ಹುಡುಗನಿಗೆ ಪ್ಲಸ್ ಒಂದೂವರೆ, ಕ್ಲೀವನ್‌ಗೆ ಮೈನಸ್ ಒಂದೂವರೆ. ಅದರ ಜೊತೆಗೇ ಕಂಪನಿಗೆ ಇನ್ನೂ ಒಂದು ಮಾತು ಬರೆದಳು, ಇನ್ನು ಮುಂದೆ ಟೊಲೀಡೊ ತಂಡದ ಆಟ ತನಗೆ ಬೇಡ, ಮನೆಯವರ ಆಟಕ್ಕೆ ತಾನು ಅಂಕ ಹಾಕಲೇಬಾರದಿತ್ತು. ಯಾರೂ ಕೇಳಿರಲಿಲ್ಲ, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಊರಿನ ತಂಡದ ಮೇಲೆ ತೀರ್ಪು ಕೊಡುವ ಆ ಹಕ್ಕು ಇಲ್ಲಿ ಯಾರಿಗಾದರೂ ಸಿಕ್ಕಿದರೆ ಸಾಯುವ ತನಕ ಬಿಡುತ್ತಿರಲಿಲ್ಲ. ಈಕೆ ತಾನಾಗಿ ಕೆಳಗಿಟ್ಟಳು, ಒಲೆಯಿಂದ ಪಾತ್ರೆ ಇಳಿಸಿದಷ್ಟು ಸಲೀಸಾಗಿ.

ಮಧ್ಯಾಹ್ನ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಗ್ಯಾರೇಜಿನಿಂದ ಗಸ್‌ನ ದನಿ ಕೇಳಿತು. ಫೋನಿನಲ್ಲಿದ್ದ. ಮಾರ್ಟಾ ಇಸ್ತ್ರಿಪೆಟ್ಟಿಗೆ ಇಟ್ಟು ಬಾಗಿಲ ಹತ್ತಿರ ಬಂದಳು. ರೇಡಿಯೋದವನು ಎಂದಿನಂತೆ ಗಸ್‌ನನ್ನು ಕೆಣಕುತ್ತಿದ್ದ, ಇವತ್ತು ಹುಡುಗನಿಗೆ ಯಾವ ಬುಟ್ಟಿ ಹುಡುಕಿದ್ದೀರಿ ಎಂದು.

“ಇವತ್ತು ನಗೋದು ಬೇಡ,” ಎಂದ ಗಸ್. “ಆ ಹುಡುಗ ಸರಿಯಾಗೇ ಎಸ್ದ. ನಿಲ್ಬೇಕಾದವನು ನಮ್ಮ ಕ್ಲೀವನ್, ಓಡ್ಬಿಟ್ಟ. ಅವನಿಗೆ ಹೇಳ್ಕೊಟ್ಟವನು ನಾನು. ನಂಗೆ ಭಾನುವಾರಾನೇ ಗೊತ್ತಿತ್ತು, ಗೊತ್ತಿದ್ದೂ ನಿಮ್ಮ ಹತ್ರ ಬಂದು ಆ ಮಗೂನ ಬೈದೆ. ನಾಳೆ ಬೂ ಅನ್ನೋರಿದ್ರೆ ಈಸ್ಟ್ ಸೈಡಿಗೆ ಬಂದು ನಮ್ಮನೆ ಮುಂದೆ ನಿಂತ್ಕೊಂಡ್ ಅನ್ನಿ.”

ಗಸ್ ಫೋನು ಇಟ್ಟು ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ. ಆಕೆ ಅವನ ಕೋಟಿನ ಕೊನೆಯ ಗುಂಡಿ ಹಾಕಿ, ಒಳಗೆ ಬಾ, ಇಲ್ಲಿ ಚಳಿ ಎಂದಳು.

ಭಾನುವಾರ ಇಬ್ಬರೂ ಒಟ್ಟಿಗೆ ಕೂತು ಆಟ ನೋಡಿದರು, ಸದ್ದು ಹಾಕಿಕೊಂಡು. ಮಾರ್ಟಾ ಎಷ್ಟೋ ವರ್ಷಗಳ ಮೇಲೆ ಎಲ್ಲರಂತೆ ನೋಡಿದಳು, ಒಂದೆರಡು ಕಡೆ ಕೈ ಚಪ್ಪಾಳೆಗೆ ಹೋಗಿ ನಾಚಿಕೊಂಡಿತು. ಕ್ಲೀವನ್ ಮೈದಾನಕ್ಕೆ ಬಂದಾಗ ಕೆಲವರು ಬೂ ಎಂದರು, ಹುಡುಗ ಹೋಗಿ ಅವನ ಪಕ್ಕದಲ್ಲೇ ನಿಂತುಕೊಂಡ. ಕ್ಲೀವನ್ ಚೆನ್ನಾಗಿಯೇ ಆಡಿದ. ಪೈಲಟ್ಸ್ ಸ್ವಲ್ಪದರಲ್ಲಿ ಸೋತರು, ಪೈಲಟ್ಸ್ ಅಲ್ಲವೇ.

ಆಟವಾದ ಮೇಲೆ ಅಡುಗೆಮನೆಯ ರೇಡಿಯೋದಲ್ಲಿ ಹುಡುಗನ ಸಂದರ್ಶನ ಬಂತು. ಆ ರೇಡಿಯೋವನ್ನು ಗಸ್ ಅಂದೇ ಗ್ಯಾರೇಜಿನಿಂದ ತಂದಿಟ್ಟಿದ್ದ. ಪತ್ರಕರ್ತರೊಬ್ಬರು ಕೇಳಿದರು, ಹೋದ ವಾರದ ಅಂಕ ಬದಲಾಗಿದೆಯಲ್ಲ, ತಪ್ಪು ಕ್ಲೀವನ್‌ದೆಂದು ಈಗ ಊರಿಗೇ ಗೊತ್ತಾಗಿದೆಯಲ್ಲ, ಈಗಲಾದರೂ ನಿಜ ಹೇಳುತ್ತೀರಾ ಎಂದು.

“ಅಂಕ ಹಾಕೋರಿಗೆ ನಮ್ಮ ಆಟ ಗೊತ್ತಿಲ್ಲ ಸರ್,” ಎಂದ ಹುಡುಗ. “ಅವರು ದೊಡ್ಡೋರಿರ್ಬೋದು, ಆದ್ರೆ ಇದ್ರಲ್ಲಿ ಅವರದ್ದು ತಪ್ಪು. ಕ್ಲೀವನ್ ಇರ್ಬೇಕಾದ ಕಡೆನೇ ಇದ್ರು. ಎಸ್ದಿದ್ದು ನಾನು. ತಪ್ಪು ನಂದು.”

ಗಸ್‌ನ ಮುಖ ಕೆಂಪೇರಿತು. ಕೇಳಿದೆಯಾ, ನಿನ್ನನ್ನೇ ತಪ್ಪು ಅನ್ನುತ್ತಿದ್ದಾನೆ, ನೀನು ಅವನಿಗಾಗಿ ಇಷ್ಟೆಲ್ಲ ಮಾಡಿದರೆ ಊರ ಮುಂದೆ ನಿನ್ನ ಮರ್ಯಾದೆ ತೆಗೆಯುತ್ತಿದ್ದಾನೆ ಎಂದು ಎದ್ದು, ರೇಡಿಯೋ ಆರಿಸಲು ಕೈ ಚಾಚಿದ.

ಮಾರ್ಟಾ ಅವನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು, ಮುಖದ ತುಂಬ ನಗು.

“ಆರಿಸ್ಬೇಡ ಇರು,” ಎಂದಳು. “ಇನ್ನೂ ಮಾತಾಡ್ತಿದಾನೆ.”